ಮಲಗಿದ ಬೈಕು

ಒಂದೂರಲ್ಲಿ ಒಂದು ಪೆಟ್ರೋಲ್ ಬಂಕು. ಅಲ್ಲಿ ಸೈಕಲ್ಲಿಗೆ ಗಾಳಿ ಹಾಕಿಸಲು ಒಬ್ಬ ಹುಡುಗಿ ಸಾಲಿನಲ್ಲಿ ನಿಂತಿದ್ದಳು. ಅವಳಜ್ಜಿಯ ಕತೆಗಳಲ್ಲಿ ಬಂಡೆ ಎತ್ತಿದವರಿಗೆ ಅರ್ಧ ರಾಜ್ಯ ಸಿಗುತ್ತಿತ್ತು. ಇಲ್ಲಿ ಮಲಗಿಸಿದ ಬೈಕು ಎತ್ತಿದವರಿಗೆ ಸವಾರರ ಗುಂಪಿನಲ್ಲಿ ಜಾಗ. ಹೊಸದಾಗಿ ಸೇರಬಂದ ದರ್ಜಿ ಹೆಂಗಸು ಹ್ಯಾಂಡಲ್ ಜಗ್ಗಿ ಜಗ್ಗಿ ಏದುಸಿರು ಬಿಡುತ್ತಿದ್ದಳು. ಗುಂಪಿನ ಹಿರಿಯಳು ಕೈಕಟ್ಟಿ ನೋಡುತ್ತಿದ್ದಳು.

“ಒಂದು ಕೈ ಹಾಕಿ, ದೊಡ್ಡಕ್ಕಾ.”

“ಬೆಟ್ಟದ ತಿರುವಲ್ಲಿ ಬಿದ್ರೆ ಯಾರ್ ಕೈ ಹಾಕ್ತಾರೆ?”

“ನೀವೆಲ್ಲ ಇರ್ತೀರಲ್ಲ!”

“ನಾವು ಮುಂದಿನ ತಿರುವಲ್ಲಿರ್ತೀವಿ. ಎತ್ತಿದ್ರೆ ಇವತ್ತೇ ನಮ್ಮ ಜೊತೆ, ಇಲ್ಲಾಂದ್ರೆ ಮನೆಗೆ.”

“ಬೀದಿಗೆಲ್ಲ ಟಾಟಾ ಮಾಡಿ ಬಂದಿದೀನಿ. ವಾಪಸ್ ಹೋದ್ರೆ ನಮ್ಮತ್ತೆ ವರ್ಷಪೂರ್ತಿ ನಗ್ತಾರೆ.”

“ಹಾಗಾದ್ರೆ ಅದನ್ನ ತಬ್ಬಿಕೊಳ್ಳೋದು ಬಿಡು. ಅತ್ತೆ ಮೇಲೆ ಮುನಿಸಿಕೊಂಡಾಗ ಹೇಗೆ ನಿಲ್ತೀಯ?”

“ಬೆನ್ನು ತಿರುಗಿಸಿ.”

“ಹಾಗೇ ತಿರುಗು. ಸೀಟಿಗೆ ಸೊಂಟ ಒರಗಿಸಿ ಕುಕ್ಕರಿಸು, ಒಂದು ಕೈಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ ಹಿಡ್ಕೋ. ಈಗ ಕಾಲಲ್ಲಿ ಒತ್ತಿ, ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡು.”

ಬೈಕು ನಿದ್ದೆಯಿಂದೆದ್ದ ಎಮ್ಮೆಯಂತೆ ಮೆಲ್ಲಗೆ ಮೇಲೆದ್ದು ನಿಂತಿತು.

“ಅಯ್ಯೋ, ಎದ್ದೇಬಿಡ್ತು! ಅತ್ತೆಗೊಂದು ಥ್ಯಾಂಕ್ಸ್ ಹೇಳ್ಬೇಕು!”

“ಸಂಜೆ ಹೇಳು. ಈಗ ಗಾಡಿ ಹತ್ತು.”

ಬೈಕುಗಳು ಗುಡುಗುಡು ಎನ್ನುತ್ತ ಹೊರಟವು, ಕೊನೆಯದರ ಮೇಲೆ ದರ್ಜಿ. ನೋಡುತ್ತಲೇ ನಿಂತಿದ್ದ ಸೈಕಲ್ ಹುಡುಗಿಯ ಸರದಿ ಯಾವಾಗಲೋ ತಪ್ಪಿಹೋಗಿತ್ತು.