ಕಾರ್ಪೆಟ್ಟಿನ ಮೇಲೆ ಆರಿಸಿದ ಸ್ಪ್ರಿಂಗು

ನಗಬೇಡಿ. ಇವತ್ತಿನ ದೃಷ್ಟಾಂತ ಒಂದು ಆಟದ ಕಾರಿನದು. ಮುಂದಿನ ಸಾಲಿನ ಹಿರಿಯರು ಆಗಲೇ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ, ಸ್ವಾಮಿಗಳಿಗೆ ಏನಾಯಿತು ಅಂತ. ಏನೂ ಆಗಿಲ್ಲ. ಕೇಳಿ.

ಯಾವುದೋ ಒಂದು ಊರು ಅಂತಿಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಅವನದೊಂದು ಕಲ್ಯಾಣ ಮಂಟಪ. ಊರಿನ ಮದುವೆ, ಮುಂಜಿ, ನಾಮಕರಣ ಎಲ್ಲ ಅಲ್ಲೇ. ತಂದೆ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಅವನೇ ಸಾಕಿ ಬೆಳೆಸಿದ್ದ. ಇಬ್ಬರೂ ಸೇರಿ ಮಂಟಪ ನಡೆಸುತ್ತಿದ್ದರು. ಅಣ್ಣ ಗದರುವವನು, ತಮ್ಮ ನಗುವವನು. ಅಡುಗೆಯವರ ಮೇಲೆ ಅಣ್ಣ ಎಗರಾಡಿ ಹೋದರೆ, ಹಿಂದೆಯೇ ತಮ್ಮ ಹೋಗಿ ಅವರ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿ ಬರುತ್ತಿದ್ದ. ಹಾಗಾಗಿ ಮಂಟಪ ನಡೆಯುತ್ತಿತ್ತು. ಅಣ್ಣ ಮಾತ್ರ ಎಲ್ಲವೂ ತನ್ನ ಗದರಿಕೆಯಿಂದಲೇ ನಡೆಯುತ್ತಿದೆ ಅಂದುಕೊಂಡಿದ್ದ.

ಈಗ ನೋಡಿ, ಮೊನ್ನೆ ಮೊನ್ನೆ ಆಷಾಢ ಮುಗಿಯಿತಲ್ಲ. ಆಷಾಢದಲ್ಲಿ ಮದುವೆ ಉಂಟೇ? ಇಲ್ಲ. ಮಂಟಪ ಭಣಭಣ. ಉಳಿದವರಿಗೆ ಅದು ನೊಣ ಹೊಡೆಯುವ ತಿಂಗಳು, ಈ ಅಣ್ಣತಮ್ಮಂದಿರಿಗೆ ಮಾತ್ರ ಹಬ್ಬ. ಅವರಿಗೊಂದು ಹುಚ್ಚಿತ್ತು. ರಿಮೋಟ್ ಕಾರಿನ ರೇಸು. ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಮೊಳದುದ್ದದ ಕಾರು, ಆದರೆ ದೊಡ್ಡ ಕಾರಿನಲ್ಲಿ ಇರುವುದೆಲ್ಲ ಅದರಲ್ಲೂ ಇರುತ್ತದೆ. ನಾಲ್ಕು ಚಕ್ರಕ್ಕೆ ನಾಲ್ಕು ಸ್ಪ್ರಿಂಗು, ಒಂದೊಂದೂ ನಿಮ್ಮ ಬೆರಳಿನ ಗಿಣ್ಣಿನಷ್ಟು. ಗಟ್ಟಿಯದಕ್ಕೆ ಒಂದು ಬಣ್ಣ, ಮೆತ್ತನೆಯದಕ್ಕೆ ಇನ್ನೊಂದು ಬಣ್ಣ, ನಡುವಿನವಕ್ಕೆ ಬೇರೆ ಬೇರೆ ಬಣ್ಣ. ಓಡುವ ನೆಲ ನೋಡಿ ಸ್ಪ್ರಿಂಗು ಆರಿಸಬೇಕು. ಆ ಆಟದ ಅರ್ಧ ವಿದ್ಯೆ ಅದರಲ್ಲೇ ಇದೆ.

ಸ್ಪ್ರಿಂಗು ಆರಿಸುವವನು ಅಣ್ಣ. ರಿಮೋಟ್ ಹಿಡಿಯುವವನು ತಮ್ಮ.

ಆಷಾಢ ಬಂದರೆ ಊಟದ ಹಾಲಿನ ಬೆಂಚುಗಳನ್ನೆಲ್ಲ ಗೋಡೆಗೆ ಒರಗಿಸಿ, ಮದುವೆಯ ಕೆಂಪು ಕಾರ್ಪೆಟ್ಟು ಹಾಸಿ, ಅದರ ಮೇಲೆ ಕಾರು ಓಡಿಸುವುದು. ಕಾರ್ಪೆಟ್ಟು ಅಂದರೆ ಹೇಗಿರುತ್ತದೆ? ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಟೈರು ಕಚ್ಚಿಕೊಂಡು ಹಿಡಿಯುತ್ತದೆ. ಅಲ್ಲಿ ಗಟ್ಟಿ ಸ್ಪ್ರಿಂಗೇ ರಾಜ. ತಿರುಗು ಅಂದರೆ ತಿರುಗುತ್ತದೆ, ಒಂದಿಷ್ಟೂ ವಾಲುವುದಿಲ್ಲ. ಸಾಹುಕಾರನಿಗೆ ಆ ಗಡಸುತನ ಬಲು ಇಷ್ಟವಾಯಿತು. ಸುತ್ತ ನಿಂತವರು ಯಾರು? ಮಂಟಪದ ಮ್ಯಾನೇಜರು, ಕಾವಲಿನವನು, ಹೂವಿನವನು. "ಸೂಪರ್ ಸಾಹುಕಾರ್ರೇ" ಅನ್ನುತ್ತಿದ್ದರು. ಇನ್ನೇನು ಹೇಳಿಯಾರು ಪಾಪ, ಅವರ ಸಂಬಳ ಅವನ ಕೈಯಲ್ಲಿತ್ತು.

ರೇಸು ನಡೆಯುವುದು ಮಾತ್ರ ಕಾರ್ಪೆಟ್ಟಿನ ಮೇಲಲ್ಲ. ಹಳೇ ಮಾರ್ಕೆಟ್ಟಿನ ಹಿಂದಿನ ಸಿಮೆಂಟು ಅಂಗಳದಲ್ಲಿ. ಬಿಸಿಲಿಗೆ ಬಿರುಕು ಬಿಟ್ಟ ನೆಲ, ಹಲಗೆ ಹಲಗೆಯಾಗಿ ಹಾಕಿದ ಸಿಮೆಂಟಿನ ಸಂದುಗಳು. ರೇಸಿನ ದಿನ ಬೆಳಿಗ್ಗೆ ಒಂದು ಸುತ್ತು ಓಡಿಸಿ ನೋಡಿದ ತಮ್ಮ ಅಣ್ಣನ ಹತ್ತಿರ ಬಂದ.

"ಅಣ್ಣಾ, ಆ ಕೊನೇ ತಿರುವಲ್ಲಿ ಕಾರು ಎಗರ್ತಾ ಇದೆ ಕಣೋ. ಚಕ್ರ ನೆಲ ಬಿಡ್ತಿದೆ. ಮೆತ್ತಂದು ಹಾಕೋಣ."

"ಮಂಟಪದ ಹಾಲಲ್ಲಿ ಎಗರ್ತಿತ್ತಾ?"

"ಅದು ಹಾಲು. ಇದು ಅಂಗಳ ಅಣ್ಣಾ."

"ನಿನ್ನ ಕೈ ನಡುಗೋದನ್ನ ಸ್ಪ್ರಿಂಗಿನ ಮೇಲೆ ಯಾಕೋ ಹಾಕ್ತೀಯ? ಹೋಗು, ಓಡಿಸು."

ನೋಡಿ, ಇಲ್ಲೊಂದು ಮಾತು ಹೇಳಬೇಕು. ಸ್ಪ್ರಿಂಗು ಯಾಕಿರುತ್ತದೆ? ಕಾರು ಸೆಟೆದು ನಿಲ್ಲಲಿ ಅಂತಲೇ? ಚಕ್ರ ನೆಲ ಬಿಡದೇ ಇರಲಿ ಅಂತ. ಉಬ್ಬು ಬಂದಾಗ ತಾನು ಒಂದಿಷ್ಟು ಕುಗ್ಗಿ, ಆ ಪೆಟ್ಟನ್ನು ನುಂಗಿಕೊಂಡು, ನೆಲದ ಸಂಬಂಧ ಕಡಿಯದ ಹಾಗೆ ಕಾಯುವುದು ಅದರ ಕೆಲಸ. ಹಾಗಂತ ತೀರಾ ಮೆತ್ತಗಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ಅದೂ ಬೇಡ. ಆದರೆ ಕುಗ್ಗಲಾರದ ಸ್ಪ್ರಿಂಗು ಪ್ರತಿ ಸಣ್ಣ ಸಂದಿಗೂ ಕಾರನ್ನು ಎತ್ತಿ ಎಸೆಯುತ್ತದೆ. ಇದೆಲ್ಲ ಸಾಹುಕಾರನಿಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಪ್ಪಲಿಲ್ಲ, ಯಾಕೆಂದರೆ ಹೇಳಿದವನು ತಮ್ಮ.

ರೇಸು ಶುರುವಾಯಿತು. ತಮ್ಮ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಸಿದ. ಎಲ್ಲರಿಗಿಂತ ಮುಂದಿದ್ದ. ಕೊನೆಯ ತಿರುವಿನ ಸಂದಿಗೆ ಚಕ್ರ ಬಡಿಯಿತು, ಕಾರು ಎಗರಿತು, ಪಲ್ಟಿ ಹೊಡೆದು ಮಗುಚಿಬಿತ್ತು. ಹಿಂದಿನವರೆಲ್ಲ ದಾಟಿ ಹೋದರು.

ಸಾಹುಕಾರ ನೆರೆದ ಜನರ ಮಧ್ಯೆ ಹೋಗಿ ತಮ್ಮನ ಕೈಯಿಂದ ರಿಮೋಟ್ ಕಿತ್ತುಕೊಂಡ. ಬಾಯಿಗೆ ಬಂದದ್ದು ಅಂದ.

"ಅಪ್ಪ ಸತ್ತಾಗಲೇ ನಿನ್ನ ಯಾವುದಾದ್ರೂ ಅನಾಥಾಶ್ರಮಕ್ಕೆ ಬಿಡಬೇಕಿತ್ತು. ನಿಂಗೆ ಹಾಕಿದ ಅನ್ನ ನಾಯಿಗೆ ಹಾಕಿದ್ರೆ ಬಾಲನಾದ್ರೂ ಅಲ್ಲಾಡಿಸ್ತಿತ್ತು."

ತಮ್ಮ ಮಗುಚಿದ ಕಾರನ್ನು ಎತ್ತಿ ತಂದು ಅಣ್ಣನ ಮುಂದಿಟ್ಟ.

ಆ ಆಟದಲ್ಲಿ ಒಂದು ಪದ್ಧತಿ ಇದೆ. ಒಂದು ರೇಸು ಓಡಿಸಿದವರು ಮುಂದಿನ ರೇಸಿಗೆ ತಿರುವುಗಳಲ್ಲಿ ಹೋಗಿ ನಿಲ್ಲಬೇಕು. ಯಾರ ಕಾರು ಬಿದ್ದರೂ ಓಡಿಹೋಗಿ ಎತ್ತಿ ನೆಟ್ಟಗೆ ಇಡಬೇಕು. ಗೆದ್ದವನಿಗೂ ಅದೇ, ಸೋತವನಿಗೂ ಅದೇ. ಅಷ್ಟೆಲ್ಲ ಅನ್ನಿಸಿಕೊಂಡ ಆ ತಮ್ಮ ಹೋಗಿ ಅದೇ ಕೊನೆಯ ತಿರುವಿನಲ್ಲಿ ನಿಂತ. ಕಣ್ಣೊರೆಸಿಕೊಳ್ಳುತ್ತಾ ಬೇರೆಯವರ ಕಾರು ಎತ್ತಿ ಇಟ್ಟ. ಬಿದ್ದ ಕಾರನ್ನೆಲ್ಲ ಎತ್ತಿದ. ಅವನನ್ನು ಎತ್ತುವವರು ಯಾರಿದ್ದರು? ರೇಸು ಮುಗಿದ ಮೇಲೆ ಅಲ್ಲಿಂದಲೇ ನಡೆದುಕೊಂಡು ಹೋದವನು ಮಂಟಪಕ್ಕೆ ಮತ್ತೆ ಕಾಲಿಡಲಿಲ್ಲ.

ಸಾಹುಕಾರ ಹೋಗಿ ಕರೆದನೇ? ಇಲ್ಲ. ಹಸಿವಾದರೆ ತಾನೇ ಬರುತ್ತಾನೆ ಅಂದ. ಶ್ರಾವಣ ಬಂತು, ಮದುವೆ ಶುರುವಾದವು. ಅಣ್ಣ ಗದರಿದ, ಹಿಂದೆ ಹೋಗಿ ಸಮಾಧಾನ ಮಾಡುವವರು ಇರಲಿಲ್ಲ. ಅಡುಗೆಯವರು ಬಿಟ್ಟರು. ಹೂವಿನವನು ಬಿಟ್ಟ. ಮದುವೆಯ ಹೊತ್ತಿಗೆ ಬೀಗರ ಮುಂದೆಯೇ ಜಗಳವಾಗಿ, ಬರಬರುತ್ತಾ ಮದುವೆಗಳೂ ಬೇರೆ ಕಡೆ ಹೋದವು. ಮುಂದಿನ ಆಷಾಢದ ಹೊತ್ತಿಗೆ ಅವನಿಗೆ ವರ್ಷವಿಡೀ ಆಷಾಢವಾಗಿತ್ತು.

ಒಂದು ದಿನ ಬೆಳಿಗ್ಗೆ ಏನನ್ನಿಸಿತೋ, ಕಾರು ತೆಗೆದುಕೊಂಡು ಆ ಅಂಗಳಕ್ಕೆ ಹೋದ. ಮೆತ್ತನೆಯ ಸ್ಪ್ರಿಂಗು ಹಾಕಿದ. ಬಾರದ ಕೈಯಲ್ಲಿ ತಾನೇ ಓಡಿಸಿದ. ಕೊನೆಯ ತಿರುವು ಬಂತು, ಸಂದು ಬಂತು, ಕಾರು ಒಂದಿಷ್ಟು ಕುಗ್ಗಿ, ಎದ್ದು, ಸುಮ್ಮನೆ ದಾಟಿ ಹೋಯಿತು. ಇನ್ನೊಂದು ಸಲ ಓಡಿಸಿದ. ಮತ್ತೆ ದಾಟಿತು. ಅವನು ಆ ಸಿಮೆಂಟಿನ ಮೇಲೆ ಕುಕ್ಕರಿಸಿ ಕೂತು ಅತ್ತ. ಕಾರಿಗಾಗಿ ಅತ್ತನೇ? ಅಷ್ಟು ಸಣ್ಣ ಕೆಲಸಕ್ಕೆ, ನಾಲ್ಕು ಸ್ಪ್ರಿಂಗು ಬಿಚ್ಚಿ ನಾಲ್ಕು ಹಾಕುವ ಕೆಲಸಕ್ಕೆ, ತಾನು ಸಾಕಿದ ಜೀವವನ್ನು ಕಳೆದುಕೊಂಡೆನಲ್ಲ ಅಂತ ಅತ್ತ.

ಕಾರನ್ನು ಬಗಲಲ್ಲಿ ಇಟ್ಟುಕೊಂಡು ವಿಚಾರಿಸಿಕೊಂಡು ತಮ್ಮ ಇದ್ದ ಊರಿಗೆ ಹೋದ. ತಮ್ಮ ಅಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ. ಬಾ ಅಂದ, ಕೂರಿಸಿದ, ಕಾಫಿ ಕೊಟ್ಟ. ಸಾಹುಕಾರ ತಪ್ಪಾಯಿತು ಅನ್ನುವ ಬದಲು ಕಾರನ್ನು ನೆಲದ ಮೇಲಿಟ್ಟ. ತಮ್ಮ ಅಂಗೈಯಿಂದ ಮೆಲ್ಲಗೆ ಅದುಮಿದ. ಕಾರು ತಗ್ಗಿತು, ಎದ್ದಿತು, ನಿಂತಿತು.

"ಈಗ ಸರಿಯಾಗಿದೆ" ಅಂದ ತಮ್ಮ.

"ಬಾರೋ. ನೀನೇ ಓಡಿಸ್ಬೇಕು ಇದನ್ನ."

ತಮ್ಮ ಕಾರನ್ನು ಎತ್ತಿ ಅಣ್ಣನ ತೊಡೆಯ ಮೇಲಿಟ್ಟ.

"ಅವತ್ತು ತಿರುವಲ್ಲಿ ನಿಂತಿದ್ನಲ್ಲ ಅಣ್ಣಾ, ಆ ರೇಸು ಮುಗಿಯೋವರೆಗೂ ಕಾದೆ, ಒಂದು ಸಲ ನನ್ನ ಕಡೆ ನೋಡ್ತೀಯಾ ಅಂತ. ನೀನು ಕಾರಿನ ಚಕ್ರ ಒರೆಸ್ತಾ ಕೂತಿದ್ದೆ. ಈಗ ನಂಗೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ. ಬರಬೇಕು ಅಂತಾನೂ ಅನ್ನಿಸಲ್ಲ. ಕತ್ತಲಾಗೋ ಮುಂಚೆ ಹೊರಡು, ಬಸ್ಸು ತಪ್ಪುತ್ತೆ."

ಸಾಹುಕಾರ ಹೊರಟ. ಬಸ್ಸಿನಲ್ಲಿ ಆ ಕಾರು ಅವನ ತೊಡೆಯ ಮೇಲಿತ್ತು. ದಾರಿಯ ಪ್ರತಿ ಗುಂಡಿಗೂ ಅದು ಕುಗ್ಗಿ ಏಳುತ್ತಿತ್ತು. ಅಷ್ಟೇ ಕಥೆ.

ಯಾಕೆ, ಇನ್ನೂ ಇದೆ ಅಂದುಕೊಂಡಿರಾ? ಕೊನೆಗೆ ಇಬ್ಬರೂ ತಬ್ಬಿಕೊಂಡರು ಅಂತ ಹೇಳಲಿ ಅಂತ ಕಾಯುತ್ತಿದ್ದೀರಾ? ಇಲ್ಲ. ತಬ್ಬಿಕೊಳ್ಳಲಿಲ್ಲ.

ಈಗ ನನ್ನನ್ನಲ್ಲ, ನಿಮ್ಮನ್ನು ನೋಡಿಕೊಳ್ಳಿ. ಈ ಮಠದ ಜಮಖಾನದ ಮೇಲೆ ಎಷ್ಟು ಮೆತ್ತಗೆ ಕೂತಿದ್ದೀರಿ! ಕೈ ಮುಗಿದಿದ್ದೀರಿ, ಕಣ್ಣಲ್ಲಿ ನೀರೂ ಇದೆ. ತಾಯಂದಿರೇ, ಅಪ್ಪಗಳಿರಾ, ಇದೇ ನಿಮ್ಮ ಕಾರ್ಪೆಟ್ಟು. ಇಲ್ಲಿ ಉಬ್ಬಿಲ್ಲ, ತಗ್ಗಿಲ್ಲ, ಎದುರು ಮಾತಾಡುವವರಿಲ್ಲ. ಇಲ್ಲಿ ಕೂತು ನಾನು ಒಳ್ಳೆಯವನು ಅಂತ ತೀರ್ಮಾನ ಮಾಡಿಕೊಂಡು ಏಳುತ್ತೀರಿ. ಮೇಲಧಿಕಾರಿ ಬೈದರೆ ಕುಗ್ಗುತ್ತೀರಿ, ಗಿರಾಕಿ ಬೈದರೆ ಕುಗ್ಗುತ್ತೀರಿ. ನಿಮ್ಮ ಅನ್ನ ಉಣ್ಣುವವರು ಒಂದು ಮಾತು ಅಂದರೆ ಮಾತ್ರ ಸೆಟೆದುಕೊಳ್ಳುತ್ತೀರಿ. ಎಷ್ಟು ಶ್ರಾವಣದಿಂದ ಹೇಳುತ್ತಿದ್ದೇನೆ ನಾನು? ಯಾರು ಬದಲಾಗಿದ್ದೀರಿ? ನನಗಂತೂ ಒಂದು ಮುಖವೂ ಕಾಣುತ್ತಿಲ್ಲ.

ಆದರೂ ಹೇಳಿಬಿಡುತ್ತೇನೆ, ಹೇಳುವುದು ನನ್ನ ಕೆಲಸ. ಇನ್ನು ಸ್ವಲ್ಪ ಹೊತ್ತಿಗೆ ಮಂಗಳಾರತಿ ಆಗುತ್ತದೆ. ಹೊರಗೆ ಚಪ್ಪಲಿ ಬಿಟ್ಟ ಕಡೆ ನೂಕುನುಗ್ಗಲಿರುತ್ತದೆ. ನಿಮ್ಮ ಹೆಂಡತಿ ಗಾಡಿಯ ಕೀಲಿ ಎಲ್ಲಿಟ್ಟೆನೋ ಅನ್ನುತ್ತಾಳೆ. ತಮ್ಮನೋ ಮಗಳೋ ನಿಮಗೆ ಇಷ್ಟವಿಲ್ಲದ ಒಂದು ಮಾತು ಹೇಳುತ್ತಾರೆ, ಮತ್ತೆ ಆ ಮಾತು ಸರಿಯಾಗಿಯೇ ಇರುತ್ತದೆ. ಆಗ ನಾಲಿಗೆಯ ತುದಿಗೆ ಬರುವ ಮೊದಲನೆಯ ಮಾತಿದೆಯಲ್ಲ, ಅದನ್ನು ನುಂಗಿ. ಅಷ್ಟು ಮಾಡಿ ಸಾಕು, ದಿನಕ್ಕೆ ಒಂದು ಸಲ ಮಾಡಿ. ಆಗಲೇ ಯಾರನ್ನಾದರೂ ತಿರುವಿನಲ್ಲಿ ನಿಲ್ಲಿಸಿ ಬಂದಿದ್ದರೆ ಇವತ್ತೇ ಹೋಗಿ. ಹೋದರೆ ಅವರು ವಾಪಸು ಬರುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೂ ಹೋಗಿ, ಅವರು ಇನ್ನೂ ನಿಮ್ಮ ಕಡೆ ನೋಡುತ್ತಾ ನಿಂತಿರುವಾಗಲೇ ಹೋಗಿ.

ಏಳಿ, ಮಂಗಳಾರತಿಗೆ ಹೊತ್ತಾಯಿತು. ನಾನು ಇಲ್ಲೇ ಕೂತಿರುತ್ತೇನೆ. ಚಪ್ಪಲಿ ಬಿಟ್ಟ ಜಾಗದ ಗಲಾಟೆ ಪ್ರತಿ ವರ್ಷವೂ ಇಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ.