ಫಟಫಟಿ ಕೊಳ್ಳಲು ಬಂದವನ ತಾಯಿ

೧೯೮೩ರ ಬೇಸಿಗೆ. ಅಮೀನಗಡದಲ್ಲಿ ನಾನು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿದ್ದ. ಜೊತೆಗಿದ್ದ ಹಿರಿಯರು ಅವನ ಮೋಟಾರ್ ಸೈಕಲ್ಲಿನ ಬಗ್ಗೆ ಕೇಳಿದರು:

“ಗಾಳೆಪ್ಪಾ, ಫಟಫಟಿ ಮಾರಿದಿ ಅಂತಲ್ಲ?”

“ಮಾರಲಿಲ್ಲ ಮಾವಾ. ಕೊಳ್ಳಾಕ ಬಂದಾವ ಓಡಿಸಿ ನೋಡ್ತೇನಿ ಅಂತ ಒಯ್ದ. ತಿರುಗಿ ಬರಲಿಲ್ಲ.”

“ಗುರುತಿಲ್ಲದಾವಗ ಕೀಲಿ ಹೆಂಗ ಕೊಟ್ಟಿ?”

“ನಮ್ಮವ್ವ ಇಲ್ಲೇ ಕೂತಿರ್ತಾಳ ಅಂತ ಒಬ್ಬ ಮುದುಕಿನ್ನ ಕಟ್ಟಿ ಮ್ಯಾಲ ಕೂಡಿಸಿ ಹೋದ. ತಾಯಿನ್ನ ಬಿಟ್ಟು ಯಾರರ ಓಡಿ ಹೋಗ್ತಾರೇನ್ರಿ?”

“ಆಕಿನ್ನ ಕೇಳಬೇಕಿತ್ತಿಲ್ಲೋ?”

“ಕೇಳಲಿಲ್ಲ, ಬೈದೆ. ಕಳ್ಳನ್ನ ಹಡದಾಕಿ ಅಂತ ಓಣಿ ಮಂದಿ ಮುಂದ ಬೈದೆ. ‘ಆಂವ ನನ್ನ ಮಗ ಅಲ್ಲಪ್ಪಾ, ದವಾಖಾನಿಗೆ ಮುಟ್ಟಸ್ತೇನಿ, ಇಲ್ಲಿ ಕೂಡು ಅಂದಿದ್ದ’ ಅಂತ ಆಕಿ ಅಳಕೋತ ಹೇಳಿದ್ಲು. ನಾ ನಂಬಲಿಲ್ಲ. ಕುಡಿಯಾಕ ನೀರೂ ಕೊಡಲಿಲ್ಲ.”



“ಆಮ್ಯಾಲ?”

“ಸಂಜಿಮುಂದ ಐಹೊಳಿಯಿಂದ ಆಕಿ ಖರೆ ಮಗ ಹುಡಕ್ಕೋತ ಬಂದ. ನನಗ ಒಂದು ಮಾತು ಅನ್ನಲಿಲ್ಲ. ಅವ್ವನ ಕೈ ಹಿಡದು ಕರಕೊಂಡು ಹೋದ.”

“ಪೊಲೀಸರಿಗೆ ಹೇಳಿದೇನು?”

“ಹೇಳೇನ್ರಿ. ಈಗ ಐಹೊಳಿಗೆ ಹೊಂಟೇನಿ, ಆಕಿ ಮನಿಗೆ. ಹೋಗಿ ಏನಂತ ಅನ್ನಲಿ ಮಾವಾ?”

ಐಹೊಳೆಯ ಬಸ್ಸು ಬಂತು. ಮಾವ ಧೋತರ ಸರಿಪಡಿಸಿಕೊಂಡು ಎದ್ದರು.

“ಏನೂ ಅನಬ್ಯಾಡ. ಮೊದಲ ಆಕಿ ಕಾಲು ಹಿಡಿ,” ಎಂದು ಅವನ ಹಿಂದೆಯೇ ಬಸ್ಸು ಹತ್ತಿದರು.