ರೊಟ್ಟಿ ಬಡಿಯುವ ಕೈಗೆ ಬಂದ ನೋವು

ಒಂದು ಪೇಟೆ ಊರಿನಲ್ಲಿ ಒಬ್ಬ ಶ್ರೀಮಂತೆ ಇದ್ದಳು. ಶ್ರೀಮಂತೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬಂಗಾರದ ಬಳೆ, ದೊಡ್ಡ ಬಂಗಲೆ ಬಂದಿರಬೇಕು. ಅದಲ್ಲ. ಅವಳ ಸಿರಿ ಇದ್ದದ್ದು ಎರಡು ಅಂಗೈಗಳಲ್ಲಿ. ತುಂಗವ್ವ ಎಂದು ಅವಳ ಹೆಸರು. ಬಸ್ ನಿಲ್ದಾಣದ ಹಿಂದೆ ಅವಳದೊಂದು ಖಾನಾವಳಿ. ಅವಳು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿ ಎದ್ದಾಗ, ಊಟಕ್ಕೆ ಕುಳಿತವರು ಮಾತು ನಿಲ್ಲಿಸಿ ಅತ್ತ ನೋಡುತ್ತಿದ್ದರು. ಅಷ್ಟು ತೆಳ್ಳಗೆ, ಅಷ್ಟು ಗುಂಡಗೆ, ಅಂಚು ಎಲ್ಲಿಯೂ ಒಡೆಯದ ರೊಟ್ಟಿ.

ಗಂಡ ತೀರಿಕೊಂಡಾಗ ಅವಳ ಮಗ ರುದ್ರಪ್ಪ ಇನ್ನೂ ಶಾಲೆಯಲ್ಲಿದ್ದ. ಯಾರ ಮುಂದೆಯೂ ಸೆರಗು ಒಡ್ಡದೆ, ಈ ಎರಡು ಕೈಗಳಿಂದಲೇ ಅವನನ್ನು ಬೆಳೆಸಿದಳು. ಅವಳಿಗೆ ಹೆಮ್ಮೆ ಇತ್ತು. ಇರಬಾರದೇ? ನೋಡಿ, ಹೆಮ್ಮೆ ಪಾಪ ಎಂದು ಹೇಳಲು ನಾನು ಇಲ್ಲಿ ಕುಳಿತಿಲ್ಲ. ದುಡಿದ ಕೈಗೆ ಹೆಮ್ಮೆ ಇರಲೇಬೇಕು. ಅದನ್ನು ಎಲ್ಲಿ ಇಡುತ್ತೇವೆ ಎಂಬುದಷ್ಟೇ ಪ್ರಶ್ನೆ.

ಆ ಕೈಗೆ ನೋವು ಬಂತು. ಕುತ್ತಿಗೆಯಲ್ಲಿ ಶುರುವಾಗಿ, ಬಲ ಹೆಗಲಿಗೆ ಇಳಿದು, ಬೆರಳ ತುದಿಯವರೆಗೆ ಹರಿಯಿತು. ಎಣ್ಣೆ ತಿಕ್ಕಿದಳು, ಮುಲಾಮು ಹಚ್ಚಿದಳು, ಗುಳಿಗೆ ನುಂಗಿದಳು. ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಎಲುಬು ಸರಿಯಾಗಿದೆ, ಗಾಬರಿಪಡುವ ಕಾಯಿಲೆ ಏನೂ ಇಲ್ಲ ಎಂದರು. ಅವರು ಹೇಳಿದ್ದು ನಿಜವೇ. ಆದರೆ ನೋವು? ಅದು ಅಲ್ಲೇ ಇತ್ತು. ವರ್ಷ ಕಳೆಯಿತು, ಮತ್ತೊಂದು ವರ್ಷವೂ ಕಳೆಯಿತು. ಓಣಿಯವರು ವಯಸ್ಸಾಯಿತು ಎಂದರು. ನೆಂಟರು ಯಾರದೋ ದೃಷ್ಟಿ ಎಂದರು. ಕೊನೆಗೆ ಅವಳು ನೋವಿದೆ ಎಂದು ಹೇಳುವುದನ್ನೇ ಬಿಟ್ಟಳು.

ಹೇಳುವುದನ್ನು ಬಿಟ್ಟರೆ ನೋವು ಬಿಡುತ್ತದೆಯೇ? ಅದು ಇನ್ನೊಂದು ದಾರಿ ಹುಡುಕುತ್ತದೆ. ಅವಳ ಮಾತು ಬಿರುಸಾಯಿತು. ರುದ್ರಪ್ಪ ಊಟ ಬಡಿಸುತ್ತಿದ್ದ, ತರಕಾರಿ ತರುತ್ತಿದ್ದ. ತಾಯಿ ಹಲ್ಲು ಕಚ್ಚಿ ರೊಟ್ಟಿ ಬಡಿಯುವುದನ್ನು ನೋಡಲಾರದೆ ಒಂದು ದಿನ, ತಾನು ಬಡಿಯಲೇ ಎಂದು ಕೇಳಿದ. ಊಟಕ್ಕೆ ಕುಳಿತವರೆಲ್ಲರ ಮುಂದೆಯೇ ಅವಳೆಂದಳು:

"ಗಂಡಸು ಬಡದ ರೊಟ್ಟಿ ನನ್ನ ಖಾನಾವಳ್ಯಾಗ ಯಾವನೂ ಮುಟ್ಟೂದಿಲ್ಲ."

ಅವನು ತಲೆ ತಗ್ಗಿಸಿ ನೀರಿನ ತಂಬಿಗೆ ಎತ್ತಿಕೊಂಡು ಹೋದ. ಆದರೂ ತಾಯಿಯನ್ನು ಬಿಡಲಿಲ್ಲ. ಬೇಡ ಬೇಡವೆಂದರೂ ಆಟೋ ಹತ್ತಿಸಿ, ಆಸ್ಟಿಯೋಪಥಿ ಎಂಬ ಕೈಚಿಕಿತ್ಸೆ ಕಲಿತು ಆ ಊರಿಗೆ ಬಂದಿದ್ದ ಲವಿನಾ ಎಂಬುವಳ ಹತ್ತಿರ ಕರೆದುಕೊಂಡು ಹೋದ. ಸ್ನಾಯು, ಕೀಲುಗಳನ್ನು ಕೈಯಿಂದ ಮುಟ್ಟಿ ನೋಡಿ, ಬಿಗಿದದ್ದನ್ನು ಮೆಲ್ಲಗೆ ಸಡಿಲಿಸುವ ವಿದ್ಯೆ ಅದು. ಲವಿನಾ ಮೊದಲು ಆಸ್ಪತ್ರೆಯ ಕಾಗದಗಳನ್ನೆಲ್ಲ ನೋಡಿದಳು. ಆಮೇಲೆ, ಅಲ್ಲಿಯವರೆಗೆ ಯಾರೂ ಕೇಳದ ಒಂದು ಮಾತು ಕೇಳಿದಳು. ರೊಟ್ಟಿ ಹೇಗೆ ಬಡಿಯುತ್ತೀರಿ, ತೋರಿಸಿ.

ತುಂಗವ್ವ ನೆಲದ ಮೇಲೆ ಕುಳಿತು, ಹಿಟ್ಟಿಲ್ಲದ ಬರಿಗೈಯಲ್ಲಿ ಬಡಿದು ತೋರಿಸಿದಳು. ಕುತ್ತಿಗೆ ಮುಂದೆ ಚಾಚಿತ್ತು, ಹೆಗಲು ಕಿವಿಯ ಹತ್ತಿರ ಏರಿತ್ತು. ಬಡಿಯುವಷ್ಟು ಹೊತ್ತೂ ಅವಳು ಉಸಿರು ಕಟ್ಟಿಕೊಂಡೇ ಇದ್ದಳು.

ಲವಿನಾ ಅವಳನ್ನು ಮಲಗಿಸಿ, ಕುತ್ತಿಗೆಯ ಕೆಳಗೆ ಎರಡೂ ಕೈ ಇಟ್ಟಳು. ಲಟಕ್ಕೆಂದು ತಿರುವಲಿಲ್ಲ, ಒತ್ತಿ ಹಿಸುಕಲಿಲ್ಲ. ತಲೆಯ ಭಾರವನ್ನು ಅಂಗೈಯಲ್ಲಿ ಹೊತ್ತು ಕಾದಳು. "ತಲೆ ನನ್ನ ಕೈಗೆ ಬಿಡಿ ಅಮ್ಮಾ. ನೀವು ಹಿಡಿದುಕೊಳ್ಳಬೇಡಿ," ಎಂದಳು.

ತುಂಗವ್ವನಿಗೆ ಬಿಡಲು ಬರಲಿಲ್ಲ. ಗಂಡ ಹೋದಂದಿನಿಂದ ಎಲ್ಲವನ್ನೂ ಹಿಡಿದುಕೊಂಡೇ ಬದುಕಿದವಳು, ತಲೆಯನ್ನು ಇನ್ನೊಬ್ಬರ ಕೈಗೆ ಬಿಡುವುದೆಂದರೇನು? ಬಹಳ ಹೊತ್ತಿನ ಮೇಲೆ ಕುತ್ತಿಗೆ ಸಡಿಲಾಯಿತು. ಅದರ ಜೊತೆಗೇ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

ಆ ದಿನ ನೋವು ಹಗುರಾಯಿತು. ಆದರೆ ಲವಿನಾ ಕಟ್ಟುನಿಟ್ಟಾಗಿ ಹೇಳಿದಳು: ತನ್ನ ಕೈಯಿಂದ ಆಗುವುದು ಅರ್ಧವೇ, ಉಳಿದರ್ಧ ಮನೆಯಲ್ಲಿ ಆಗಬೇಕು, ಒಲೆಯ ಮುಂದೆ ಇನ್ನೊಬ್ಬರು ಬರಬೇಕು. ತುಂಗವ್ವನಿಗೆ ಸಿಟ್ಟು ಬಂತು. ನನ್ನ ಒಲೆಯ ಮುಂದೆ ಇನ್ನೊಬ್ಬರೇ? ಮತ್ತೆ ಅತ್ತ ಕಾಲಿಡಲಿಲ್ಲ. ನೋವು ಮರಳಿ ಬಂತು.

ಶ್ರಾವಣದಲ್ಲಿ ಮಠದ ದಾಸೋಹಕ್ಕೆ ರೊಟ್ಟಿ ಕಳಿಸುವುದು ಅವಳ ಮನೆಯ ಸೇವೆ. ಆ ವರ್ಷದ ಸೇವೆಯ ದಿನ ಬೆಳಿಗ್ಗೆ ಹಿಟ್ಟು ನಾದಿ ಕುಳಿತಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದೂ ಹರಿಯಿತು. ಬೆರಳುಗಳಿಗೆ ಹಿಟ್ಟು ತಿಳಿಯುತ್ತಲೇ ಇರಲಿಲ್ಲ. ಹಂಚು ಕಾದು ಹೊಗೆ ಏಳುತ್ತಿತ್ತು. ರುದ್ರಪ್ಪ ಬಾಗಿಲಲ್ಲೇ ನಿಂತಿದ್ದ; ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. ತಾಯಂದಿರೇ, ಮಗನನ್ನು ಬಾಗಿಲಲ್ಲಿ ನಿಲ್ಲಿಸಿದವರು ಯಾರು? ನೋವೇ? ಅಲ್ಲ, ಅವಳೇ.

ಅವಳು ತಲೆ ಎತ್ತಿ ನೋಡಿದಳು.

"ರುದ್ರಾ, ಬಾ ಇಲ್ಲಿ. ನನಗ ಭಾಳ ನೋಯಾಕತ್ತೈತಿ. ನನ್ನಿಂದ ಆಗೂದಿಲ್ಲ."

ಅವನು ಕೈ ತೊಳೆದು ಬಂದು ಕುಳಿತ. ಚಿಕ್ಕಂದಿನಿಂದ ನೋಡಿ ನೋಡಿ ಕೈಗೆ ಅರ್ಧ ಬಂದೇ ಇತ್ತು. ಉಳಿದರ್ಧವನ್ನು ಅವಳು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟಳು. ಅಂಚಿಗೆ ಬೆರಳು ತಾಗಿಸು, ನೀರು ಕಡಿಮೆ ಹಚ್ಚು, ಅವಸರ ಬೇಡ. ರೊಟ್ಟಿ ಕೊಂಚ ದಪ್ಪವಾದವು. ಆದರೆ ಒಂದೂ ಹರಿಯಲಿಲ್ಲ. ದಾಸೋಹಕ್ಕೆ ವೇಳೆಗೆ ಸರಿಯಾಗಿ ರೊಟ್ಟಿ ಹೋದವು.

ಆಮೇಲೆ ಅವಳು ತಾನಾಗಿಯೇ ಲವಿನಾಳ ಹತ್ತಿರ ಹೋದಳು. ಬಿಡದೆ ಹೋದಳು. ಹೇಳಿಕೊಟ್ಟ ವ್ಯಾಯಾಮವನ್ನು ಗೊಣಗುತ್ತಲೇ ಮಾಡಿದಳು. ನೆಲದ ಮೇಲೆ ಕೂರದೆ ನಿಂತೇ ರೊಟ್ಟಿ ಬಡಿಯಲು ಆಗುವಂತೆ ರುದ್ರಪ್ಪ ಎತ್ತರದ ಕಟ್ಟೆ ಕಟ್ಟಿಸಿದ. ನೋವು ಪೂರ್ತಿ ಹೋಯಿತೇ? ಇಲ್ಲ, ಸುಳ್ಳು ಹೇಳಲಾರೆ. ಚಳಿಗಾಲದಲ್ಲಿ ಈಗಲೂ ಹೆಗಲು ಹಿಡಿಯುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತದೆ, ತಲೆಗೂದಲು ತಾನೇ ಬಾಚಿಕೊಳ್ಳುತ್ತಾಳೆ, ಬೆಳಗಿನ ನಾಲ್ಕಾರು ರೊಟ್ಟಿ ತಾನೇ ಬಡಿಯುತ್ತಾಳೆ. ಉಳಿದವು ಮಗನವು.

ಒಮ್ಮೆ ಮಧ್ಯಾಹ್ನ ಊಟಕ್ಕೆ ಬಂದವನೊಬ್ಬ ರುದ್ರಪ್ಪನನ್ನು ನೋಡಿ ನಕ್ಕ. ಮಗನಿಗೆ ಸೀರೆ ಉಡಿಸುವುದೊಂದೇ ಬಾಕಿ ಎಂದ. ತುಂಗವ್ವ ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನನ್ನ ಮಗ ಬಡದ ರೊಟ್ಟಿ ಅದು. ಮೊದಲ ತಿನ್ನು. ಆಮ್ಯಾಲ ನಗು."

ಅವನು ತಿಂದ. ನಗಲಿಲ್ಲ. ಇನ್ನೊಂದು ರೊಟ್ಟಿ ಕೇಳಿದ. ಬಾಗಿಲಲ್ಲಿ ನಿಂತು ಇದನ್ನು ನೋಡಿದವರು ನನಗೆ ಹೇಳಿದರು: ತನ್ನ ರೊಟ್ಟಿಯನ್ನು ಊರೇ ಹೊಗಳಿದಾಗಲೂ ತುಂಗವ್ವನ ಮುಖ ಅಷ್ಟು ಅರಳಿರಲಿಲ್ಲವಂತೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕುಳಿತವರಲ್ಲಿ ಸೊಂಟ ಹಿಡಿದುಕೊಂಡೇ ಬಂದವರು ಎಷ್ಟು ಜನ ಇದ್ದೀರಿ? ಮಂಡಿ ನೋಯುತ್ತಿದ್ದರೂ ಮುಖದಲ್ಲಿ ತೋರಿಸದೆ ಕುಳಿತವರು? ಸಹಿಸುವುದನ್ನೇ ವ್ರತ ಮಾಡಿಕೊಂಡಿದ್ದೀರಿ. ಯಾರು ಕೊಟ್ಟರು ಈ ವ್ರತ? ದೇವರು ಕೊಟ್ಟಿಲ್ಲ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅವರು ಅಪಾಯವಿಲ್ಲ ಎಂದ ಮೇಲೂ ಉಳಿದರೆ, ವಯಸ್ಸು ಎಂದು ಕೈಚೆಲ್ಲಬೇಡಿ. ಅವರನ್ನೇ ಕೇಳಿ, ಇಂಥ ಕೈಚಿಕಿತ್ಸೆಯನ್ನು ಸರಿಯಾಗಿ ಕಲಿತವರ ಹತ್ತಿರ ಹೋಗಿ. ಹೋದ ದಿನವೇ ಪವಾಡ ಕೇಳಬೇಡಿ. ಅವರು ಹೇಳಿದ್ದನ್ನು ಮನೆಯಲ್ಲಿ ಮಾಡಿ.

ಗಂಡಸರೇ, ನೀವು ಇವತ್ತು ಮನೆಗೆ ಹೋಗಿ ನೇರವಾಗಿ ಟಿವಿಯ ಮುಂದೆ ಕೂರಬೇಡಿ. ಅಡುಗೆಮನೆಗೆ ಹೋಗಿ. ಅಲ್ಲಿ ನಿಂತವಳನ್ನು, ಎಲ್ಲಿ ನೋಯುತ್ತದೆ ಎಂದು ಕೇಳಿ. ಏನೂ ಇಲ್ಲ ಎನ್ನುತ್ತಾಳೆ. ಹೊರಟು ಬರಬೇಡಿ. ಮತ್ತೊಮ್ಮೆ ಕೇಳಿ, ಅವಳು ಹೇಳಿ ಮುಗಿಸುವವರೆಗೆ ನಿಂತು ಕೇಳಿಸಿಕೊಳ್ಳಿ. ಆಮೇಲೆ ಅವಳ ಕೈಯಲ್ಲಿರುವ ಸೌಟನ್ನು ನೀವು ತೆಗೆದುಕೊಳ್ಳಿ.